ಒಂದು ಗಾಡಿ ಸೌದೆ

“ಈ ಒಲೆ ಬಾಯಿಗೆ ಇನ್ನೇನು ತುರುಕ್ಲಿ?”

ಸುಬ್ಬಲಕ್ಷ್ಮಮ್ಮ ಈ ಮಾತನ್ನು ಗಂಡನಿಗೆ ಹೇಳಲಿಲ್ಲ, ಅತ್ತೆಗೆ ಹೇಳಲಿಲ್ಲ, ಗೋಡೆಯ ಮೇಲಿನ ದೇವರ ಪಟಕ್ಕೂ ಹೇಳಲಿಲ್ಲ. ಒಲೆಯ ಬೂದಿಗೆ ಹೇಳಿದಳು. ಆದರೆ ಹೆಂಡತಿ ಯಾರಿಗೂ ಅಲ್ಲವೆಂದು ಆಡಿದ ಮಾತು ಮನೆಯಲ್ಲಿ ಯಾರನ್ನು ಹುಡುಕಿಕೊಂಡು ಹೋಗುತ್ತದೆಂಬುದು ಮದುವೆಯಾಗಿ ಇಪ್ಪತ್ತೈದು ವರ್ಷ ಕಳೆದ ಯಾವ ಗಂಡಸಿಗೂ ಗೊತ್ತು. ನಡುಮನೆಯಲ್ಲಿ ಆಗತಾನೆ ಎದ್ದು ಕೂತು ಕಣ್ಣುಜ್ಜಿಕೊಳ್ಳುತ್ತಿದ್ದ ವೆಂಕಟರಾಮಪ್ಪನ ಎದೆಗೆ ಅದು ನೇರವಾಗಿ ಬಂದು ನಾಟಿತು.

ಜರ್ಮನಿಯವರ ಯುದ್ಧ ಶುರುವಾಗಿ ಮೂರು ವರ್ಷವಾಗಿತ್ತು. ಯುದ್ಧ ಯಾವ ದಿಕ್ಕಿನಲ್ಲಿ ನಡೆಯುತ್ತಿದೆಯೆಂದು ಚಾಮರಾಜಪೇಟೆಯ ಆ ಅಡ್ಡರಸ್ತೆಯಲ್ಲಿ ಯಾರಿಗೂ ಸರಿಯಾಗಿ ತಿಳಿಯದು. ಆದರೆ ಅದರ ಬಿಸಿ ಎಲ್ಲರಿಗೂ ತಟ್ಟಿತ್ತು. ತಟ್ಟಿದ ರೀತಿ ಮಾತ್ರ ವಿಚಿತ್ರ, ಒಲೆಗಳೆಲ್ಲ ತಣ್ಣಗಾಗಿದ್ದವು. ಮೊದಲು ಸೀಮೆಎಣ್ಣೆಯ ಬೆಲೆ ಏರಿತು, ಜನ ದೀಪದ ಬತ್ತಿ ಇಳಿಸಿದರು. ಆಮೇಲೆ ಬೆಂಕಿಪೆಟ್ಟಿಗೆ ಏರಿತು, ಒಬ್ಬರ ಒಲೆಯಿಂದ ಇನ್ನೊಬ್ಬರ ಒಲೆಗೆ ಕೆಂಡ ಸಾಗಿಸುವ ಅಜ್ಜಿಯರ ಕಾಲದ ಪದ್ಧತಿ ಮರಳಿ ಬಂತು. ಕೊನೆಗೆ ಸೌದೆಯೂ ಏರಿತು. ಕಲ್ಲಿದ್ದಲೆಲ್ಲ ಹಡಗುಗಳ ಪಾಲಾಯಿತಂತೆ, ಅದಕ್ಕೆ ಗಿರಣಿಗಳವರು ಕಾಡಿನ ಸೌದೆಗೆ ಕೈ ಹಾಕಿದರಂತೆ. ಹೀಗೆ ಒಂದು ‘ಅಂತೆ’ ಬಂದಾಗಲೆಲ್ಲ ಮೂಲೆಯ ಸೌದೆ ಅಂಗಡಿಯ ಶಿವರುದ್ರಪ್ಪ ಬೆಲೆಯನ್ನು ಒಂದು ಮೆಟ್ಟಿಲು ಹತ್ತಿಸುತ್ತಿದ್ದ. ತೂಗುವಾಗ ಉದುರಿದ ತೊಗಟೆಯನ್ನೂ ಆಯ್ದು ತಕ್ಕಡಿಗೆ ಹಾಕುತ್ತಿದ್ದ.

ವೆಂಕಟರಾಮಪ್ಪ ಸಿದ್ದಿಕಟ್ಟೆಯ ಮಾರುಕಟ್ಟೆಯಲ್ಲಿ ಸೊಪ್ಪು ತರಕಾರಿ ಮಾರುವವನು. ಅವನ ದುರದೃಷ್ಟಕ್ಕೆ ಸೊಪ್ಪಿನ ಬೆಲೆ ಏರಲಿಲ್ಲ. “ಬೇಯಿಸೋಕೆ ಸೌದೆ ಎಲ್ಲಿದೆ ವೆಂಕಟರಾಮಪ್ಪ? ಹಸೀದೇ ತಿನ್ನೋಕಾಗೋ ಸೌತೆಕಾಯಿ ಇದ್ರೆ ಕೊಡು,” ಎನ್ನುವವರೇ ಹೆಚ್ಚಾದರು. ಇತ್ತ ಮನೆಯಲ್ಲಿ ಮುರಿದ ಏಣಿ ಒಲೆಗೆ ಹೋಯಿತು. ಕಾಲು ಹೋದ ಮಣೆ ಹೋಯಿತು. ಮದುವೆಯಾಗಿ ಹೋದ ಮಗಳು ಮಲಗಿದ್ದ ತೊಟ್ಟಿಲೂ ಹೋಯಿತು. ಖಾಂಡವ ವನವನ್ನು ನುಂಗಿದ ಅಗ್ನಿದೇವನಿಗಾದರೂ ಕೊನೆಗೆ ಹೊಟ್ಟೆ ತುಂಬಿತಂತೆ. ಸುಬ್ಬಲಕ್ಷ್ಮಮ್ಮನ ಒಲೆಗೆ ತುಂಬಲಿಲ್ಲ.

“ಸಾಯಂಕಾಲ ಎಣಿಸಿಟ್ರೆ ಬೆಳಿಗ್ಗೆಗೆ ಒಂದು ಕಮ್ಮಿ,” ಎಂದು ಅವಳು ಈಗ ಗಂಡನ ಕಡೆಗೇ ತಿರುಗಿ ಹೇಳಿದಳು. “ನಿನ್ನೆ ಮೂರು ಇಟ್ಟಿದ್ದೆ. ಇವತ್ತು ಎರಡು. ಅದೂ ಮಳೇಲಿ ನೆಂದಿದೆ. ಈ ಮನೇಲಿ ಸೌದೆಗೆ ಕಾಲು ಬಂದಿದೆಯಾ? ಪಕ್ಕದ್ಮನೆ ಅಣ್ಣಮ್ಮ ಹಿತ್ತಲ ಗೋಡೆ ಮೇಲಿಂದ ಕೈ ಹಾಕ್ತಾಳೋ ಏನೋ!”

“ಛೆ ಛೆ, ಹಾಗನ್ಬೇಡ ಕಣೆ. ಕೆಂಡ ಕೊಡೋ ಮನೆ ಅದು.”

ವೆಂಕಟರಾಮಪ್ಪನ ಕಣ್ಣು ನಡುಮನೆಯನ್ನು ಒಂದು ಸುತ್ತು ಹಾಕಿ, ತಾಯಿ ಮಲಗಿದ್ದ ಹಗ್ಗದ ಮಂಚದ ಕೆಳಗೆ ನಿಂತಿತು. ಅಲ್ಲಿ ಒಂದು ಗೋಣಿಮೂಟೆ. ಕೇರಿಯವರಿಗೆಲ್ಲ ಕಷಾಯ ಕಾಯಿಸಿ ಕೊಡುವ ಮುನಿಗಂಗಮ್ಮನ ನಾರು ಬೇರುಗಳ ಮೂಟೆ. ಅಲ್ಲಿಗೆ ಪೊರಕೆಯನ್ನೂ ತರಗೊಡುತ್ತಿರಲಿಲ್ಲ ಮುದುಕಿ.

“ಅವ್ವನ ಬೇರಿನ ಮೂಟೆ…” ಎಂದು ಅವನು ಪಿಸುಗುಟ್ಟಿದ.

“ಅದರ ಮೇಲೆ ಕೈ ಇಟ್ಟೀಯೆ, ಕೈ ಇರಲ್ಲ ಕಣೋ ವೆಂಕಟ!” ಎಂದಿತು ಕಂಬಳಿ. ಹಿಂದೆಯೇ ನಾಲ್ಕು ಕೆಮ್ಮು. ಕಿವಿ ಮಂದವೆಂದು ಬೀದಿಯೆಲ್ಲ ಹೇಳುತ್ತಿದ್ದ ಮುದುಕಿಗೆ ಮೂಟೆಯ ಮಾತು ಮಾತ್ರ ಕಂಬಳಿಯೊಳಗೂ ಕೇಳುತ್ತಿತ್ತು. ಎಪ್ಪತ್ತೈದು ದಾಟಿದ ಜೀವ. “ಬಿಸಿನೀರು ಬೇಡ, ಸೌದೆ ದಂಡ,” ಎಂದು ಹಟ ಹಿಡಿದು ತಣ್ಣೀರು ಮಿಂದು, ನಾಲ್ಕು ದಿನದಿಂದ ತಲೆಯಿಂದ ಕಾಲಿನವರೆಗೆ ಕಂಬಳಿ ಹೊದ್ದು ಬಿದ್ದುಕೊಂಡಿತ್ತು.

ವೆಂಕಟರಾಮಪ್ಪ ಎದ್ದ. ದೀಪಾವಳಿಯ ಬಟ್ಟೆಗೆಂದು ಕೂಡಿಟ್ಟಿದ್ದ ದುಡ್ಡಿನ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಹಳ್ಳಿಯಿಂದ ಬರುವ ಸೌದೆ ಗಾಡಿಗಳು ಶಿವರುದ್ರಪ್ಪನಂಥವರ ಕೈಗೆ ಬೀಳುವ ಮೊದಲೇ ಊರ ಹೊರಗಿನ ಸುಂಕದ ಗೇಟಿನ ಹತ್ತಿರ ಒಂದನ್ನು ಹಿಡಿದುಬಿಟ್ಟರೆ ಬೆಲೆ ಅರ್ಧಕ್ಕೆ ಇಳಿಯುತ್ತದೆ, ಮೂರು ತಿಂಗಳು ಒಲೆಯ ಚಿಂತೆ ಇರದು. ಬೀದಿಯಲ್ಲಿ ಈ ಯೋಚನೆ ಯಾರಿಗೂ ಹೊಳೆದಿರಲಿಲ್ಲ. ಇಷ್ಟು ಒಳ್ಳೆಯ ಯೋಚನೆ ಇಷ್ಟು ದಿನ ಯಾರಿಗೂ ಏಕೆ ಹೊಳೆಯಲಿಲ್ಲವೆಂದು ಅವನು ಆಗ ಯೋಚಿಸಲಿಲ್ಲ.

ಮಾಗಡಿ ರಸ್ತೆಯ ಗೇಟಿನಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಮೊದಲ ಗಾಡಿಯೇ ಸಿಕ್ಕಿತು. ಗಾಡಿಯವನ ಹೆಸರು ದೊಡ್ಡಬೈರಪ್ಪ.

“ಸೀಳಿಲ್ಲ ಕಣಣ್ಣೋ, ದಪ್ಪದಪ್ಪ ಕೊರಡು,” ಎಂದ ಅವನು ಪ್ರಾಮಾಣಿಕವಾಗಿ. “ಅಡಿಗೆ ಒಲೆಗೆ ಹಿಂಗೇ ಹಿಡಿಯಾಕಿಲ್ಲ. ಸೀಳ್ಕಬೇಕು.”

“ನಾನೇ ಸೀಳ್ಕೋತೀನಿ. ಬೆಲೆ ಹೇಳು.”

ಚೌಕಾಶಿ ಬೇಗ ಮುಗಿಯಿತು. ವ್ಯಾಪಾರಿಯಾದ ವೆಂಕಟರಾಮಪ್ಪ ಕೊಸರು ಕೇಳದೆ ಬಿಟ್ಟಾನೆಯೇ? ಗಂಟು ಬಿಚ್ಚುತ್ತ ಕೊಸರು ಕೇಳಿದ. ದೊಡ್ಡಬೈರಪ್ಪ ಉದಾರಿ. ಕೊರಡುಗಳ ಕೆಳಗೆ ಹಾಸಿದ್ದ ಎರಡು ಉದ್ದನೆಯ ಬಿದಿರು ಬೊಂಬುಗಳನ್ನು “ಬಟ್ಟೆ ಒಣಗಾಕ್ಕಳಿ” ಎಂದು ಕೊಟ್ಟ. ಒಂದು ಚೀಲ ಬೆರಣಿ ಕೊಟ್ಟ. ಎತ್ತುಗಳು ತಿಂದು ಮಿಕ್ಕ ಒಂದು ಹೊರೆ ಹುಲ್ಲು ಕೊಟ್ಟ. ಗಾಡಿಯ ಕೆಳಗೆ ನೇತುಹಾಕಿದ್ದ ಮಣ್ಣಿನ ಮಡಕೆಯನ್ನೂ ಬಿಚ್ಚಿ, “ಸೋರ್ತದೆ, ನೀರಿಗಾಗಾಕಿಲ್ಲ, ಕೆಂಡ ತುಂಬ್ಕಳಾಕೆ ಆಯ್ತದೆ,” ಎಂದು ಕೈಗಿಟ್ಟ. ಬದಲಿಗೆ ಅವನು ಕೇಳಿದ್ದು ಒಂದೇ: ಮನೆ ತಲುಪಿದ ಮೇಲೆ ಒಂದು ಗಡಿಗೆ ಬಿಸಿ ಅಂಬಲಿ.

ಗಾಡಿ ಅಡ್ಡರಸ್ತೆಗೆ ತಿರುಗುವ ಹೊತ್ತಿಗೆ ಹಂಚಿನ ಮಾಡುಗಳ ಮೇಲೆಲ್ಲ ತೆಳ್ಳನೆಯ ಹೊಗೆ ಏಳುತ್ತಿತ್ತು, ವೆಂಕಟರಾಮಪ್ಪನ ಮನೆಯೊಂದನ್ನು ಬಿಟ್ಟು. ಅವನು ಮಾತ್ರ ಸೀತೆಯನ್ನು ಗೆದ್ದು ಅಯೋಧ್ಯೆಗೆ ಬರುವ ರಾಮನಂತೆ ಗಾಡಿಯ ಮುಂದೆ ನಡೆದು ಬಂದ. ಸುಬ್ಬಲಕ್ಷ್ಮಮ್ಮ ಹೊಸ್ತಿಲಲ್ಲಿ ನಿಂತು ನೋಡಿದಳು. ತಿಂಗಳುಗಳ ಮೇಲೆ ಅವಳ ಮುಖದಲ್ಲಿ ನಗು ಬಂತು. “ಇರಿ, ಕಮ್ಮಾರರ ಮನೆಯಿಂದ ಕೊಡಲಿ ಇಸ್ಕೊಂಡ್ಬರ್ತೀನಿ,” ಎಂದು ಸೆರಗು ಸಿಕ್ಕಿಸಿಕೊಂಡು ಹಿಂದಿನ ಬೀದಿಗೆ ಓಡಿದಳು.

ಕೊರಡುಗಳನ್ನು ಜಗಲಿಯ ಪಕ್ಕ ಇಳಿಸಿ ಒಟ್ಟುವಷ್ಟರಲ್ಲಿ ವೆಂಕಟರಾಮಪ್ಪನ ಮೈಯೆಲ್ಲ ಗೆದ್ದಲ ಮಣ್ಣು. ದೊಡ್ಡಬೈರಪ್ಪನ ಕಣ್ಣು ಅಂಬಲಿಯ ದಾರಿ ಕಾಯುತ್ತಿತ್ತು. ಮೀಯದೆ ಒಲೆ ಮುಟ್ಟಿದರೆ ಹೆಂಡತಿ ಬಿಡಳು. ಬಿಸಿನೀರಿನ ಮಾತೇ ಇಲ್ಲ. ಅವನು ಹಿತ್ತಲ ಬಾವಿಯಿಂದ ಎರಡು ಕೊಡ ತಣ್ಣೀರು ಸುರಿದುಕೊಂಡು, ಗಡಗಡ ನಡುಗುತ್ತ, ಒದ್ದೆ ಪಂಚೆಯಲ್ಲೇ ಒಲೆಯ ಮುಂದೆ ಕುಕ್ಕರುಬಡಿದ. ಬೂದಿಯೊಳಗೆ ಒಂದು ಕೆಂಡದ ಚೂರು ಮಿಣುಕುತ್ತಿತ್ತು. ಅವಸರದಲ್ಲಿ ಕೈಗೆ ಸಿಕ್ಕ ನೆಂದ ತೆಂಗಿನ ಗರಿಯನ್ನೇ ಅದರ ಮೇಲೆ ಇಟ್ಟು ಊದಿದ. ಹೊಗೆ ಬಂತು. ಮತ್ತೆ ಊದಿದ. ಇನ್ನೂ ಹೊಗೆ ಬಂತು. ಮಾಡಿನವರೆಗೂ ಏರಲಾರದೆ ಅವನ ಕಣ್ಣಿಗೂ ಗಂಟಲಿಗೂ ನುಗ್ಗಿತು. ಕೆಂಡ ಕೊನೆಯುಸಿರೆಳೆಯಿತು. ಅವನ ಕಣ್ಣು ದಾಸವಾಳವಾಯಿತು, ಕೆನ್ನೆಯ ಮೇಲೆ ನೀರು ಧಾರೆಧಾರೆಯಾಗಿ ಇಳಿಯಿತು, ಗಂಟಲಿನಲ್ಲಿ ಮಾತು ಹೊರಡದಾಯಿತು. ಬೆಂಕಿಪೆಟ್ಟಿಗೆಯಲ್ಲಿ ಒಂದು ಕಡ್ಡಿಯೂ ಇಲ್ಲ.

ಇನ್ನೇನು ಮಾಡುವುದು? ಗಾಡಿಯವನು ಕೊಟ್ಟ ಮಡಕೆಯನ್ನು ಎತ್ತಿಕೊಂಡು ಅಣ್ಣಮ್ಮನ ಬಾಗಿಲಿಗೆ ಹೋದ.

ಅಣ್ಣಮ್ಮ ಬಾಗಿಲು ತೆರೆದಳು. ಎದುರಿಗೆ ವೆಂಕಟರಾಮಪ್ಪ. ತಲೆಯಿಂದ ನೀರು ತೊಟ್ಟಿಕ್ಕುತ್ತಿದೆ. ಮೈಮೇಲೆ ಒದ್ದೆ ಪಂಚೆ. ಕಣ್ಣು ಕೆಂಪು. ಕೈಯಲ್ಲಿ ಮಣ್ಣಿನ ಮಡಕೆ. ಅವನ ಹಿಂದೆ, ಮನೆಯ ಮುಂದೆ, ಆಳೆತ್ತರ ಸೀಳದ ಕೊರಡುಗಳ ರಾಶಿ. ಪಕ್ಕದಲ್ಲಿ ಬೆರಣಿ, ಹುಲ್ಲು, ಎರಡು ಬೊಂಬು. ಮೇಲೆ ಮಾಡಿನಲ್ಲಿ ಹೊಗೆಯಿಲ್ಲ.

“ಸ್ವಲ್ಪ… ಬೆಂಕಿ… ಕೊಡಕ್ಕ…” ಎಂದ ವೆಂಕಟರಾಮಪ್ಪ, ಕೆಮ್ಮಿ ಬಿಕ್ಕುತ್ತ.

“ಅಯ್ಯೋ ನಮ್ಮವ್ವಾ!” ಎಂದು ಅಣ್ಣಮ್ಮ ಎದೆ ಬಡಿದುಕೊಂಡಳು. “ಹೋಗ್ಬಿಟ್ಯಾ ಮುನಿಗಂಗವ್ವಾ! ನಿನ್ನೆ ತಾನೆ ನಂಗೆ ಬೈದಿದ್ಯಲ್ಲೇ!”

ಅಲ್ಲ ಎನ್ನಲು ವೆಂಕಟರಾಮಪ್ಪ ಬಾಯಿ ತೆರೆದ. ಕೆಮ್ಮು ಬಂತು. ಅಷ್ಟರಲ್ಲಿ ಅಣ್ಣಮ್ಮ ಬೀದಿಯ ನಡುವೆ ನಿಂತು ಎರಡು ಕೈಯೆತ್ತಿ ಕೂಗಿಬಿಟ್ಟಿದ್ದಳು.

ಆ ಬೀದಿಯಲ್ಲಿ ಸೌದೆಯನ್ನು ಹೊರೆಯಾಗಿ ತರುತ್ತಿದ್ದರು, ತೂಗಿಸಿ ತರುತ್ತಿದ್ದರು. ಗಾಡಿಯ ತುಂಬ ದಪ್ಪ ಕೊರಡು ಒಂದು ಮನೆಯ ಮುಂದೆ ಇಳಿಯುವುದು ಒಂದೇ ಕಾರಣಕ್ಕೆ. ಬೊಂಬು ಕಂಡ ಮೇಲೆ ಕೇಳುವುದೇನಿದೆ? ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ಬಂದರು, ಗಂಡಸರು ತಲೆಯ ರುಮಾಲು ಬಿಚ್ಚಿಕೊಂಡು ಬಂದರು. ಎಲ್ಲರಿಗಿಂತ ಮುಂದೆ ಅಣ್ಣಮ್ಮನ ಗಂಡ ಅರ್ಜುನಪ್ಪ ಬಂದ. ಮದುವೆ ಮನೆಗಳಲ್ಲಿ ಕಾಣಿಸಿಕೊಳ್ಳದ ಮನುಷ್ಯ, ಸಾವೆಂದರೆ ಸೊಂಟ ಕಟ್ಟಿ ನಿಲ್ಲುತ್ತಿದ್ದ. ಚಟ್ಟ ಕಟ್ಟುವುದರಲ್ಲಿ ಅವನ ಕೈ ಎತ್ತಿದ ಕೈ.

“ನೀನು ಏನೂ ಮಾತಾಡ್ಬೇಡ ವೆಂಕಟರಾಮ. ಕೂತ್ಕೋ. ಎಲ್ಲಾ ನಾನು ನೋಡ್ಕೋತೀನಿ,” ಎಂದು ಅವನು ವೆಂಕಟರಾಮಪ್ಪನ ಭುಜ ಹಿಡಿದು ಜಗಲಿಯ ಮೇಲೆ ಕೂರಿಸಿದ. “ನೀನು ಬಿಡು, ಬಲು ಹುಷಾರಿ. ಈ ಕಾಲದಲ್ಲಿ ಇಷ್ಟು ಸೌದೆ ಹೊಂದಿಸಿದ್ದೀಯಲ್ಲ, ಮಗ ಅಂದ್ರೆ ನೀನು!”

“ಅಲ್ಲ ಅಣ್ಣ, ಅವ್ವ…” ಎಂದು ಅವನು ಹೇಳಹೊರಟ.

“ಗೊತ್ತು, ಗೊತ್ತು. ಅತ್ಬಿಡು.”

ಒಳಗೆ ನಡುಮನೆಯಲ್ಲಿ ಹೆಂಗಸರು ಮಂಚದ ಸುತ್ತ ಕೂತಾಗಿತ್ತು. ಕಂಬಳಿ ಮಿಸುಕಲಿಲ್ಲ. ಅಣ್ಣಮ್ಮ ರಾಗವೆತ್ತಿ ಹಾಡಿ ಅಳತೊಡಗಿದ್ದಳು. “ಕೇರಿಗೆಲ್ಲ ಕಷಾಯ ಕಾಯ್ಸಿದ ಕೈಯೇ… ನನ್ನ ಹೆರಿಗೇಲಿ ನನ್ನ ಹಣೆ ಒರೆಸಿದ ಕೈಯೇ… ಬೈದ್ರೂ ಬಂಗಾರದಂಥ ಬೈಗುಳವೇ…”

ಆ ಹೊತ್ತಿಗೆ ಹೆಗಲ ಮೇಲೆ ಕೊಡಲಿ ಹೊತ್ತು ಸುಬ್ಬಲಕ್ಷ್ಮಮ್ಮ ಬಂದಳು. ಮನೆಯ ಮುಂದೆ ಜನ. ಅರ್ಜುನಪ್ಪ ಬೊಂಬಿಗೆ ಅಡ್ಡಪಟ್ಟಿ ಬಿಗಿಯುತ್ತಿದ್ದಾನೆ. ಗಂಡ ಜಗಲಿಯ ಮೇಲೆ ಕಣ್ಣೀರಿಡುತ್ತ ಕೂತಿದ್ದಾನೆ. ಕೊಡಲಿಯನ್ನು ಅಲ್ಲೇ ಬಿಸಾಡಿ ಒಳಗೆ ಓಡಿ ಅತ್ತೆಯ ಕಾಲಿನ ಮೇಲೆ ಬಿದ್ದಳು. “ಅತ್ತೇ! ಸೌದೆ ಬೆಲೆ ಹೇಳ್ಕೊಂಡು ನಿಮಗೆ ಒಂದು ಚೊಂಬು ಬಿಸಿನೀರು ಕೊಡದೇ ಹೋದ್ನಲ್ಲ ಅತ್ತೇ!”

ವೆಂಕಟರಾಮಪ್ಪನಿಗೆ ಈಗ ನಿಜವಾಗಿ ಅನುಮಾನ ಬಂತು. ಗೇಟಿಗೆ ಹೋಗುವಾಗ ಅವ್ವ ಕೆಮ್ಮಿದ್ದಳು. ಬಂದ ಮೇಲೆ ಕೆಮ್ಮಿದ್ದು ಕೇಳಿಸಿತೇ? ಇಲ್ಲ. ಕಂಬಳಿ ಅಲುಗಾಡಿದ್ದು ಕಂಡನೇ? ನೋಡಲೇ ಇಲ್ಲ. ಕೊರಡಿನ ಸಂಭ್ರಮದಲ್ಲಿ ಮಂಚದ ಕಡೆಗೆ ತಿರುಗಲೇ ಇಲ್ಲ. ಇಷ್ಟು ಜನ ಅಳುವಾಗ ಅದು ಸುಳ್ಳಿರಲು ಸಾಧ್ಯವೇ? ಅವನೇ ತಪ್ಪಿರಬೇಕು. ಹೊಗೆಯ ಕಣ್ಣೀರು ಒಣಗಿದ್ದ ದಾರಿಯಲ್ಲೇ ನಿಜವಾದ ಕಣ್ಣೀರು ಇಳಿಯಿತು.

ಮತ್ತು ಅದೇ ಗಳಿಗೆಯಲ್ಲಿ, ಅವನು ಕರೆಯದೆಯೇ, ಒಂದು ಯೋಚನೆ ಬಂತು: ಸದ್ಯ, ಸೌದೆಯಾದರೂ ಬಂದಿದೆ.

ಅದನ್ನು ಯೋಚಿಸಿದ್ದಕ್ಕೆ ಅವನಿಗೆ ಎಷ್ಟು ನಾಚಿಕೆಯಾಯಿತೆಂದರೆ ತಲೆಯೆತ್ತಿ ಬೀದಿಯವರ ಮುಖ ನೋಡಲಾಗಲಿಲ್ಲ. ಹೆತ್ತ ತಾಯಿ ಹೋದಳೆನ್ನುವಾಗಲೂ ಮನಸ್ಸು ಸೌದೆಯ ಲೆಕ್ಕಕ್ಕೆ ಓಡುವಂತೆ ಮಾಡಿದ ಈ ಕಾಲವನ್ನು ಬೈಯಬೇಕೋ, ತನ್ನನ್ನು ಬೈದುಕೊಳ್ಳಬೇಕೋ ತಿಳಿಯಲಿಲ್ಲ.

ಅರ್ಜುನಪ್ಪನ ಕೆಲಸ ಚುರುಕಾಗಿ ಸಾಗಿತ್ತು. ಚಟ್ಟಕ್ಕೆ ಹುಲ್ಲು ಹಾಸಿ ಆಯಿತು. ಕೊರಡು ಬೆರಣಿಗಳ ರಾಶಿಗೆ ನೀರು ಚಿಮುಕಿಸಿ, ಮೇಲೊಂದು ಚೆಂಡುಹೂವಿನ ಸರ ಇಳಿಬಿಟ್ಟು, ಕಾಯಿ ಒಡೆದು, “ಮುನಿಗಂಗಮ್ಮನ ಹೆಸರಲ್ಲಿ,” ಎಂದು ಗಟ್ಟಿಯಾಗಿ ಹೇಳಿ ಕೈಮುಗಿದ. ಆಮೇಲೆ ಒಳಗೆ ಇಣುಕಿ, “ರಾಹುಕಾಲಕ್ಕೆ ಮುಂಚೆ ಹೊರಡಬೇಕು, ಬೇಗ ಬೇಗ,” ಎಂದ.

ಉಸಿರು ತೆಗೆದುಕೊಳ್ಳಲೆಂದು ಅಣ್ಣಮ್ಮ ಹಾಡು ನಿಲ್ಲಿಸಿದಳು.

“ಆಮೇಲೆ?” ಎಂದಿತು ಕಂಬಳಿ.

ಕಂಬಳಿ ಸರಿಯಿತು. ಮುನಿಗಂಗಮ್ಮ ಎದ್ದು ಕೂತು ಬಿಳಿಗೂದಲು ಹಿಂದಕ್ಕೆ ತಳ್ಳಿಕೊಂಡಳು. “ಯಾಕೆ ನಿಲ್ಲಿಸ್ದೆ ಅಣ್ಣಮ್ಮ? ಚೆನ್ನಾಗಿ ಹೇಳ್ತಿದ್ದೆ. ಬೈಗುಳದವರೆಗೂ ಬಂತು. ಆಮೇಲೆ?”

ಹೆಂಗಸರು ಚೀರಿದ ಸದ್ದಿಗೆ ಗಾಡಿಯ ಎತ್ತುಗಳು ಮೂತಿ ಎತ್ತಿದವು. ಇಬ್ಬರು ಹಿತ್ತಲ ಬಾಗಿಲಿಂದ ಓಡಿದರು, ಒಬ್ಬಳು ಅಲ್ಲಿಯೇ ಮೂರ್ಛೆ ಹೋದಳು. ಅವಳ ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದ್ದು ಮುನಿಗಂಗಮ್ಮನೇ.

“ಬದುಕಿದ್ರೂ ಸುಮ್ನೆ ಮಲ್ಗಿದ್ರಲ್ಲ ಅತ್ತೆ!” ಎಂದಳು ಸುಬ್ಬಲಕ್ಷ್ಮಮ್ಮ, ಅಳು ನಗು ಒಟ್ಟಿಗೇ ಬಂದು.

“ಇಷ್ಟು ವರ್ಷ ಈ ಬೀದೀಲಿ ಬಾಳಿದ್ದೀನಿ. ಒಬ್ರಾದ್ರೂ ಎದುರಿಗೆ ನಿಂತು ಒಂದು ಒಳ್ಳೆ ಮಾತು ಆಡಿದೀರಾ? ಎದ್ರೆ ನಿಲ್ಲಿಸ್ಬಿಡ್ತೀರಿ ಅಂತ ಸುಮ್ನಿದ್ದೆ. ಪುರಾಣ ಕೇಳೋರು ಮಧ್ಯದಲ್ಲಿ ಎದ್ದು ಹೋಗಬಾರದು.”

ಗಂಟಲು ಸರಿಯಾದ ವೆಂಕಟರಾಮಪ್ಪ ಕೊನೆಗೂ ಎಲ್ಲ ಹೇಳಿದ. ಗೇಟು, ಗಾಡಿ, ಕೊಸರು, ಹೊಗೆ, ಮಡಕೆ. ಬೀದಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅರ್ಜುನಪ್ಪನೊಬ್ಬ ನಗಲಿಲ್ಲ, ಅಷ್ಟು ಚೆಂದ ಕಟ್ಟಿದ ಚಟ್ಟವನ್ನು ಬಿಚ್ಚುವಾಗ ಅವನ ಮುಖ ನೋಡಲಾಗುತ್ತಿರಲಿಲ್ಲ. “ಸಾವಿನ ಮನೇಲಿ ಒಲೆ ಹಚ್ಚಬಾರದು ಅಂತ ನಿಮಗೂ ಸೇರಿಸಿ ಎಸರಿಟ್ಟಿದ್ನಲ್ಲಪ್ಪ,” ಎಂದು ಅಣ್ಣಮ್ಮ ಗೊಣಗಿದಳು. “ನನ್ನ ಎರಡು ಸೌದೆ ದಂಡ.” ಆ ಅನ್ನವನ್ನಾದರೂ ಕಳಿಸುತ್ತಾಳೇನೋ ಎಂದು ವೆಂಕಟರಾಮಪ್ಪ ಕಾದ. ಕಳಿಸಲಿಲ್ಲ. ಯಾರೂ ಸಾಯದ ಮನೆಗೆ ಅನ್ನ ಕಳಿಸುವ ಪದ್ಧತಿ ಇಲ್ಲ.

ಜನ ಕರಗಿದರು. ವೆಂಕಟರಾಮಪ್ಪ ದೊಡ್ಡ ಉಸಿರು ಬಿಟ್ಟು, ಕೊಡಲಿ ಎತ್ತಿ, ಮೊದಲ ಕೊರಡನ್ನು ಕಾಲಿನಿಂದ ಒತ್ತಿ ಹಿಡಿದ.

“ಏಯ್! ಏನ್ ಮಾಡ್ತಿದೀಯ?” ಎಂದು ಅರ್ಜುನಪ್ಪ ಬಂದು ಅವನ ಕೈ ಹಿಡಿದ.

“ಸೌದೆ ಸೀಳ್ತಿದೀನಿ. ಒಲೆಗೆ.”

“ಒಲೆಗಾ? ಹೂವು ಹಾಕಿದೀನಿ, ಕಾಯಿ ಒಡೆದಿದೀನಿ, ನಿಮ್ಮವ್ವನ ಹೆಸರು ಹೇಳಿ ಕೈಮುಗಿದಿದೀನಿ. ಅದು ಈಗ ಹೆಣದ ಸೌದೆ ಕಣಯ್ಯ! ಅದರಲ್ಲಿ ಅನ್ನ ಬೇಯಿಸ್ತೀಯಾ?”

ಸುಬ್ಬಲಕ್ಷ್ಮಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಬೆಳಗಿನ ನಗು ಮುಖದಿಂದ ಇಳಿದು ಹೋಯಿತು. “ನನ್ನ ಒಲೆ ಹತ್ತಿರ ಅದನ್ನ ತರಬೇಡಿ,” ಎಂದಷ್ಟೇ ಹೇಳಿ ಒಳಗೆ ಹೋದಳು.

ವೆಂಕಟರಾಮಪ್ಪ ಗಾಡಿಯವನ ಕಡೆಗೆ ತಿರುಗಿದ. ಅಂಬಲಿ ಸಿಕ್ಕದೆ ಹಸಿದಿದ್ದ ದೊಡ್ಡಬೈರಪ್ಪ ಆಗಲೇ ಎತ್ತು ಕಟ್ಟುತ್ತಿದ್ದ. “ವಾಪಸ್ ತಗೋ ಮಾರಾಯ. ಅರ್ಧ ಕೊಡು ಸಾಕು.”

“ಬ್ಯಾಡ ಕಣಣ್ಣ, ಕೈ ಮುಗೀತೀನಿ! ಹೆಣದ ಸೌದೆ ಏರಿಸ್ಕಂಡು ಊರೊಳಕ್ಕೆ ಹೋದ್ರೆ ನನ್ನ ಎತ್ಗಳು ಉಳಿದಾವಾ?” ಎಂದವನೇ ಬಾಲ ತಿರುವಿ ಗಾಡಿ ಓಡಿಸಿದ.

ವೆಂಕಟರಾಮಪ್ಪ ಮೂಲೆಯ ಅಂಗಡಿಗೆ ಹೋದ. ಗೇಟಿನಲ್ಲಿ ಸೌದೆ ಕೊಂಡವನ ಮೇಲೆ ಶಿವರುದ್ರಪ್ಪನಿಗೆ ಪ್ರೀತಿ ಉಕ್ಕಬೇಕಾಗಿರಲಿಲ್ಲ. “ಬನ್ನಿ ಬನ್ನಿ, ಸಗಟು ವ್ಯಾಪಾರದೋರು!” ಎಂದು ಎದ್ದು ನಿಂತೇ ಸ್ವಾಗತಿಸಿದ. ಮಾತು ಕೇಳಿದ ಮೇಲೆ ತಕ್ಕಡಿಯನ್ನು ಬೆನ್ನ ಹಿಂದೆ ಸರಿಸಿದ. “ನನ್ನ ರಾಶೀಲಿ ಹೆಣದ ಸೌದೆ ಬೆರೆತಿದೆ ಅಂತ ಒಬ್ಬ ಅಂದ್ರೆ ಸಾಕು, ಅಂಗಡಿ ಮುಚ್ಚಬೇಕಾಗತ್ತೆ. ನಿಮ್ಮ ತಾಯಿಯೋರಿಗೆ ಹೇಳಿ, ನೂರು ವರ್ಷ ಬಾಳಲಿ.”

ಬಿಸಿಲು ನೆತ್ತಿಗೇರಿತ್ತು. ಬೆಳಗಿನಿಂದ ಮನೆಯಲ್ಲಿ ಯಾರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಮಾರುಕಟ್ಟೆಯ ವ್ಯಾಪಾರವೂ ಹೋಯಿತು, ಹಬ್ಬದ ಬಟ್ಟೆಯೂ ಹೋಯಿತು, ಒಂದು ಗಾಡಿ ಸೌದೆಯಿದ್ದೂ ಒಲೆ ತಣ್ಣಗಿತ್ತು. ವೆಂಕಟರಾಮಪ್ಪ ಕಾಲೆಳೆದುಕೊಂಡು ಚಂದ್ರಶೇಖರಯ್ಯನವರ ಮನೆಗೆ ಹೋದ. ಅವರು ನಿವೃತ್ತ ಮೇಷ್ಟ್ರು. ಸಂಜೆ ಹೊತ್ತು ಗುಡಿಯಲ್ಲಿ ಪುರಾಣ ಓದಿ ಅರ್ಥ ಹೇಳುವವರು. ಬೀದಿಗೆ ಧರ್ಮಸಂದೇಹ ಬಂದರೆ ಅವರೇ ಗತಿ.

ಮೇಷ್ಟ್ರು ಕಣ್ಣು ಮುಚ್ಚಿ ಎಲ್ಲ ಕೇಳಿದರು. ಆಮೇಲೆ ಹೇಳಿದರು:

“ನೋಡಪ್ಪ, ಮುಡಿಪು ಯಾರ ಹೆಸರಲ್ಲಿ ಕಟ್ಟಿದೆಯೋ ಅವರೇ ಅದಕ್ಕೆ ಒಡೆಯರು. ಸತ್ತೋರಾದ್ರೆ ಬಾಯಿಲ್ಲ, ಬಿಟ್ಟುಕೊಡೋಕಾಗಲ್ಲ. ನಿಮ್ಮ ತಾಯಿಗೆ ಬಾಯಿದೆ.”

“ತುಂಬಾ ಇದೆ ಸ್ವಾಮಿ.”

“ಹಾಗಾದ್ರೆ ಸುಲಭ ಆಯ್ತು. ನಾಲ್ಕು ಜನರ ಮುಂದೆ ಆಕೆ ತನ್ನ ಬಾಯಿಂದಲೇ ‘ನನಗೆ ಬೇಡ, ಒಲೆಗೆ ಹಾಕ್ಕೊಳ್ಳಿ’ ಅಂದ್ರೆ ಸಾಕು. ದೋಷ ಇಲ್ಲ. ಅರ್ಜುನಪ್ಪ ಏನಂದ್ರೂ ನಾನಿದೀನಿ.”

ವೆಂಕಟರಾಮಪ್ಪನಿಗೆ ಹೋದ ಜೀವ ಬಂತು. ಹೆತ್ತ ತಾಯಿಯ ಒಂದು ಮಾತು! ಅದಕ್ಕೆಷ್ಟು ಹೊತ್ತು? ಮೇಷ್ಟ್ರನ್ನೂ ಅರ್ಜುನಪ್ಪನನ್ನೂ ಅಣ್ಣಮ್ಮನನ್ನೂ ಜೊತೆಗೆ ಕರೆದುಕೊಂಡೇ ಮನೆಗೆ ಬಂದ.

ಮುನಿಗಂಗಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. “ಎಲ್ಲಿ, ನೋಡ್ಬೇಕು,” ಎಂದಳು. ನಾಲ್ಕು ದಿನದಿಂದ ಯಾರ ಕಣ್ಣೆದುರೂ ಮಂಚ ಬಿಡದವಳು ಕೋಲೂರಿಕೊಂಡು ಹೊರಗೆ ಬಂದಳು. ಚೆಂಡುಹೂವಿನ ಸರ ಇನ್ನೂ ಅಲ್ಲೇ ಇತ್ತು. ಅವಳು ಒಂದೊಂದೇ ಕೊರಡನ್ನು ಕೈಯಿಂದ ತಡವಿದಳು, ಬೆರಳ ಗಂಟಿನಿಂದ ತಟ್ಟಿ ನೋಡಿದಳು, ಬಾಗಿ ಮೂಸಿದಳು.

“ಇದು ಹುಣಸೆ. ಇದು ಜಾಲಿ. ಚೆನ್ನಾಗಿ ಉರಿಯತ್ತೆ. ಒಣಗಿದೆ. ಒಳ್ಳೆ ಸೌದೆ ತಂದಿದೀಯ ಕಣೋ ವೆಂಕಟ.”

“ಹೂಂ ಅವ್ವ. ಈಗ ನೀನು ಒಂದು ಮಾತು…”

“ನಿಮ್ಮಪ್ಪಂಗೆ ಇದರಲ್ಲಿ ನಾಲ್ಕು ಇದ್ದಿದ್ರೆ ಸಾಕಾಗಿತ್ತು.”

ಹತ್ತೊಂಬತ್ತು ವರ್ಷದ ಹಿಂದೆ, ಪ್ಲೇಗಿನ ವರ್ಷ, ಅವರು ಇನ್ನೂ ಬಳೇಪೇಟೆಯ ಓಣಿಯಲ್ಲಿದ್ದಾಗಿನ ಮಾತು. ಊರಲ್ಲಿ ಸೌದೆ ಮುಗಿದಿತ್ತು. ಹೊರುವವರಿರಲಿಲ್ಲ. ಗಾಡಿಯೊಂದು ಬಂದು ಹತ್ತು ಹೆಣಗಳ ಜೊತೆ ಅಪ್ಪನನ್ನೂ ಹಾಕಿಕೊಂಡು ಹೋಗಿತ್ತು. ಸುಣ್ಣ ಸುರಿದ ಗುಂಡಿ ಎಲ್ಲಿತ್ತೆಂದು ಇವತ್ತಿಗೂ ಗೊತ್ತಿಲ್ಲ.

“ಬೆಂಕೀಲಿ ಹುಟ್ಟಿದ ಕುಲ ಅಂತ ನಮ್ಮ ಹಿರಿಯರು ಹೇಳ್ತಿದ್ರು. ಬೆಂಕಿಗೇ ಹೋಗ್ಬೇಕು. ಅವರಿಗೆ ಸಿಗಲಿಲ್ಲ,” ಎಂದಳು ಮುನಿಗಂಗಮ್ಮ. “ನೀವಿಬ್ರೂ ದಿನಾ ಸೌದೆ ಬೆಲೆ ಮಾತಾಡ್ಕೊಳ್ಳೋರು. ನಾನು ಕಂಬಳಿ ಒಳಗೆ ಕೇಳಿಸ್ಕೋತಿದ್ದೆ. ಅಡಿಗೆಗೇ ಹೀಗಾದ್ರೆ ನನಗೆಲ್ಲಿಂದ ತರ್ತಾನೆ ಪಾಪ, ಅಂತ. ಸುಬ್ಬಿ, ಬಾ ಇಲ್ಲಿ. ಆ ಮೂಟೆ ಎಳಿ.”

ಸುಬ್ಬಲಕ್ಷ್ಮಮ್ಮ ಮಂಚದ ಕೆಳಗಿಂದ ಗೋಣಿಮೂಟೆಯನ್ನು ಎಳೆದು ಜಗಲಿಗೆ ತಂದು ಬಿಚ್ಚಿದಳು. ಮೇಲೆ ಒಂದು ಹಿಡಿ ಒಣ ಬೇರು. ಅದರ ಕೆಳಗೆ ಸೌದೆ. ಸೀಳಿದ, ಬೆಚ್ಚಗೆ ಒಣಗಿದ, ಒಂದೇ ಅಳತೆಯ ಸೌದೆ. ದಿನಕ್ಕೊಂದರಂತೆ ಮನೆಯ ರಾಶಿಯಿಂದ ಕಾಲು ಬಂದು ನಡೆದುಹೋಗಿದ್ದ ಸೌದೆ.

ಸುಬ್ಬಲಕ್ಷ್ಮಮ್ಮ ಅಣ್ಣಮ್ಮನ ಮುಖ ನೋಡಲಾರದೆ ತಲೆ ತಗ್ಗಿಸಿದಳು. ತನ್ನ ಮೇಲೆ ಕಳ್ಳತನದ ಅನುಮಾನವಿತ್ತೆಂಬುದು ತಿಳಿಯದ ಅಣ್ಣಮ್ಮ, ಎಲ್ಲರಿಗಿಂತ ಮೊದಲು ಕಣ್ಣೊರೆಸಿಕೊಂಡಳು.

“ನನಗೆ ಅಂತ ಕೂಡಿಡ್ತಿದ್ದೆ. ಇನ್ನೂ ಮೊಣಕಾಲಿಗೂ ಸಾಲ್ತಿರಲಿಲ್ಲ,” ಎಂದಳು ಮುದುಕಿ. “ಈಗ ಕೊರಡೇ ಬಂತಲ್ಲ, ಇನ್ನು ಇದು ಬೇಡ. ತಗೊಂಡೋಗಿ ಮುದ್ದೆ ಮಾಡು. ನಂಗೂ ಹಸಿವು. ನನಗೆ ಎರಡು ತಟ್ಟು.”

ಅಂದು ಮಧ್ಯಾಹ್ನ ವೆಂಕಟರಾಮಪ್ಪನ ಮಾಡಿನ ಮೇಲೆಯೂ ಹೊಗೆ ಎದ್ದಿತು. ಅವನ ಸ್ವಂತ ಮನೆಯಿಂದ ಕಳುವಾದ ಅವನ ಸ್ವಂತ ಸೌದೆಯ ಹೊಗೆ. ಮುನಿಗಂಗಮ್ಮ ಎರಡು ಮುದ್ದೆ ಉಂಡಳು. ಮೂರನೆಯದರ ಅರ್ಧವನ್ನೂ ಕೇಳಿ ಪಡೆದಳು. ಉಂಡ ಮೇಲೆ ಮಂಚಕ್ಕೆ ಹೋಗಲಿಲ್ಲ. ಜಗಲಿಯ ಮೇಲೆ ಕೊರಡುಗಳಿಗೆ ಒರಗಿ ಕಾಲು ಚಾಚಿ ಕೂತಳು. ಕಂಬಳಿ ಸರಿಸಿ ಎದ್ದಾಗಿನಿಂದ ಒಂದು ಸಲವೂ ಕೆಮ್ಮಿರಲಿಲ್ಲ. ಇಪ್ಪತ್ತು ವರ್ಷದ ಹೊರೆ ಇಳಿಸಿದವಳಂತೆ ಅವಳ ಮುಖ ಹಗುರಾಗಿತ್ತು. ಇನ್ನೂ ಇಪ್ಪತ್ತು ವರ್ಷ ಆ ಸೌದೆಗೆ ಅವಸರವಿಲ್ಲವೆಂದು ನೋಡಿದವರು ಯಾರಾದರೂ ಹೇಳಬಹುದಿತ್ತು.

ವೆಂಕಟರಾಮಪ್ಪನ ಕೆಮ್ಮು ಮಾತ್ರ ಶುರುವಾಗಿತ್ತು. ಒದ್ದೆ ಪಂಚೆಯಲ್ಲಿ ಅರ್ಧ ದಿನ ಊರು ಸುತ್ತಿದ ಮೈ. ಸಂಜೆಯ ಹೊತ್ತಿಗೆ ಹಲ್ಲು ತಾಳ ಹಾಕತೊಡಗಿತು. ಮೂಟೆಯ ಸೌದೆಯನ್ನು ಹೆಂಡತಿ ಮುಂದಿನ ವಾರಕ್ಕೆಂದು ಎಣಿಸಿ ಒಳಗಿಟ್ಟಿದ್ದಳು. ಅವನು ಕಂಬಳಿ ಹೊದ್ದು ಮೆಲ್ಲನೆ ಬಂದು ತಾಯಿಯ ಪಕ್ಕ ಕೂತ. ತಂದೆಯ ಗುಂಡಿ ನೆನಪಾಯಿತು. ಕೇಳಬಾರದೆಂದುಕೊಂಡ. ಆದರೆ ಮೈ ನಡುಗುತ್ತಿತ್ತು, ಕೊರಡುಗಳು ಕೈಗೆಟುಕುವಷ್ಟು ಹತ್ತಿರದಲ್ಲಿದ್ದವು.

“ಅವ್ವ, ಇಷ್ಟೊಂದಿದೆ. ನಿನಗೆ ಸಾಕಾಗಿ ಮಿಗತ್ತೆ. ಒಂದೇ ಒಂದು ಕೊರಡು ಕೊಡು. ಒಂದು ಹಂಡೆ ನೀರು ಕಾಯಿಸ್ಕೋತೀನಿ. ಚಳಿ ತಡೆಯೋಕಾಗ್ತಿಲ್ಲ.”

ಮುನಿಗಂಗಮ್ಮ ಮಗನ ಹಣೆ ಮುಟ್ಟಿ ನೋಡಿದಳು. ಪ್ರೀತಿಯಿಂದ ಅವನ ತಲೆಗೂದಲು ಸವರಿದಳು. ಮತ್ತೆ ಕೊರಡುಗಳ ಮೇಲೆ ಕೈಯಿಟ್ಟುಕೊಂಡಳು.

“ಒಂದು ಚಕ್ಕೇನೂ ಕೊಡಲ್ಲ,” ಎಂದಳು. “ಹೋಗಿ ಕಂಬಳಿ ಬಿಗಿಯಾಗಿ ಹೊದ್ಕೊಂಡು ಮಲ್ಕೋ.”